ಕಿಸೆಯೊಳಗಣ ಅಗ್ನಿ

ಶಿವಮೊಗ್ಗೆಯ ಸೀಮೆಯ ತಾಯಿಯೊಬ್ಬರು ಕಳೆದ ತಿಂಗಳು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಏಕಮಾತ್ರ ಪುತ್ರನು ಉದ್ಯೋಗನಿಮಿತ್ತವಾಗಿ ಇಂಗ್ಲೆಂಡಿನಲ್ಲಿ ನೆಲಸಿರುವನು. ಮೊದಲು ಸಿಗರೇಟು ಸೇದುತ್ತಿದ್ದವನು ಈಗ ಅದನ್ನು ಬಿಟ್ಟು, ದ್ರವವನ್ನು ವಿದ್ಯುತ್ತಿನಿಂದ ಕಾಯಿಸಿ ಆವಿಯೆಬ್ಬಿಸುವ ‘ವೇಪ್’ ಎಂಬ ಯಂತ್ರವನ್ನು ಹಿಡಿದಿದ್ದಾನೆ. ಅದೂ ಸಣ್ಣ ಕಡ್ಡಿಯಂಥದಲ್ಲ. ಬ್ಯಾಟರಿ ಸೆಲ್ಲುಗಳನ್ನು ಬೇಕಾದಾಗ ಹಾಕಿ ತೆಗೆಯಬಹುದಾದ, ಹೆಚ್ಚು ಶಕ್ತಿಯ ಯಂತ್ರ. ಈಚೆಗೆ ಒಂದು ದಿನ ವೀಡಿಯೋ ಕರೆಯಲ್ಲಿ ಮಾತನಾಡುತ್ತಿದ್ದಾಗ ಆತನು ಕೋಟಿನ ಕಿಸೆಯಿಂದ ಬೀಗದ ಕೈಗಳನ್ನೂ ಚಿಲ್ಲರೆ ನಾಣ್ಯಗಳನ್ನೂ, ಅವುಗಳೊಡನೆಯೇ ಎರಡು ಸೆಲ್ಲುಗಳನ್ನೂ ತೆಗೆದು ಮೇಜಿನ ಮೇಲೆ ಸುರಿದುದನ್ನು ಈ ತಾಯಿಯವರು ಕಂಡರಂತೆ. “ಮೇಷ್ಟ್ರೆ, ಬಿಡು ಬಿಡು ಎಂದು ಹೇಳಿ ಸಾಕಾಗಿದೆ. ಬಿಡುವ ದಿನ ಬರುವವರೆಗಾದರೂ ಮೈಸುಟ್ಟುಕೊಳ್ಳದೆ ಇರಲಿ. ಆ ಸೆಲ್ಲನ್ನು ಕೊಳ್ಳುವಾಗ ಏನು ನೋಡಬೇಕು ಎಂಬುದನ್ನು ಕನ್ನಡದಲ್ಲಿ ಬರೆಯಿರಿ, ನಾನು ತಿಳಿದುಕೊಂಡು ಅವನಿಗೆ ತಿಳಿಸುತ್ತೇನೆ” ಎಂಬುದು ಅವರ ಪತ್ರದ ಸಾರಾಂಶ.

ಗೃಹಸ್ಥರ ಪತ್ರಿಕೆಯಲ್ಲಿ ವ್ಯಸನದ ಸಾಮಗ್ರಿಯ ಚರ್ಚೆಯೇಕೆಂದು ಕೆಲವರು ವಾಚಕರು ಹುಬ್ಬು ಗಂಟಿಕ್ಕಬಹುದು. ನಿಕೋಟಿನ್ನಿಗೆ ದಾಸನಾಗುವುದನ್ನು ನಾನು ಯಾವ ಮುಖದಿಂದಲೂ ಮೆಚ್ಚತಕ್ಕವನಲ್ಲ. ಈಜು ಬಾರದವನು ಹೊಳೆಗೆ ಇಳಿಯಬಾರದೆಂಬುದು ನಿಜ. ಆದರೆ ಇಳಿದವನಿಗೆ ಸುಳಿಯಿರುವುದೆಲ್ಲಿ ಎಂದು ದಡದ ಮೇಲೆ ನಿಂತವನು ಕೂಗಿ ಹೇಳದೆ ಇರುವುದೂ ಧರ್ಮವಲ್ಲ. ನಮ್ಮ ದೇಶದಲ್ಲಿ ೨೦೧೯ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕವೂ, ಅದೇ ವರ್ಷದ ಡಿಸೆಂಬರಿನಲ್ಲಿ ಅಧಿನಿಯಮದ ಮೂಲಕವೂ ಈ ಯಂತ್ರಗಳ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತುಗಳೆಲ್ಲವೂ ನಿಷಿದ್ಧವಾಗಿವೆ. ಇಂಗ್ಲೆಂಡಿನಲ್ಲಾದರೋ ಹದಿನೆಂಟು ತುಂಬಿದವರಿಗೆ ಅದು ಅಂಗಡಿಯಲ್ಲಿ ದೊರೆಯುವ ವಸ್ತು. ಒಮ್ಮೆ ಬಳಸಿ ಎಸೆಯುವ ಜಾತಿಯನ್ನು ಮಾತ್ರ ಅಲ್ಲಿಯೂ ೨೦೨೫ರ ಜೂನ್ ೧ರಿಂದ ನಿಷೇಧಿಸಿದ್ದಾರೆ. ಆದಕಾರಣ ಪುನಃ ಪುನಃ ವಿದ್ಯುತ್ತನ್ನು ತುಂಬಬಹುದಾದ ಯಂತ್ರಗಳೇ ಅಲ್ಲಿ ಉಳಿದಿವೆ. ಅಷ್ಟೇ ಅಲ್ಲ, ಅದೇ ಸೆಲ್ಲು ನಮ್ಮ ಊರುಗಳಲ್ಲಿ ತೋಟ ಕಾಯುವವರ ಟಾರ್ಚಿನಲ್ಲಿಯೂ, ಮೊಬೈಲಿಗೆ ಶಕ್ತಿ ತುಂಬುವ ಪವರ್ ಬ್ಯಾಂಕಿನಲ್ಲಿಯೂ ಕುಳಿತಿದೆ. ಹೀಗಿರುವಲ್ಲಿ ಈ ವಿಚಾರವು ಒಬ್ಬ ತಾಯಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಹಾಕುವ ಸೆಲ್ಲಿನ ಹೆಸರು ೧೮೬೫೦. ಸಂಖ್ಯೆಯನ್ನು ನೋಡಿ ಬೆದರಬೇಕಾದುದಿಲ್ಲ. ವ್ಯಾಕರಣದ ಪ್ರತ್ಯಾಹಾರದಂತೆ ಇಲ್ಲಿಯೂ ಒಂದೊಂದು ಗುರುತಿಗೂ ಅರ್ಥವುಂಟು. ೧೮ ಎಂದರೆ ಹದಿನೆಂಟು ಮಿಲಿಮೀಟರ್ ವ್ಯಾಸ, ೬೫ ಎಂದರೆ ಅರುವತ್ತೈದು ಮಿಲಿಮೀಟರ್ ಉದ್ದ, ಕಡೆಯ ಸೊನ್ನೆಯು ಉರುಳೆಯಾಕಾರದ ಗುರುತು. ೨೧೭೦೦ ಎಂಬುದು ಇದರ ದೊಡ್ಡಣ್ಣ. ಅಂಕೆಗಳ ಹಿಂದೆ ಐ.ಎನ್.ಆರ್., ಐ.ಎಂ.ಆರ್., ಐ.ಸಿ.ಆರ್. ಎಂದು ಮೂರಕ್ಷರಗಳಿರುತ್ತವೆ. ಮೊದಲನೆಯದು ಲಿಥಿಯಂ ಅಯಾನು ಎಂಬ ಕುಲವನ್ನೂ, ಕೊನೆಯದು ದುಂಡಾದ ಆಕಾರವನ್ನೂ ಸೂಚಿಸುವುವು; ನಡುವಣ ಅಕ್ಷರವೇ ಸ್ವಭಾವವನ್ನು ಹೇಳತಕ್ಕದ್ದು. ‘ಎನ್’ ನಿಕ್ಕಲಿಗೆ, ‘ಎಂ’ ಮ್ಯಾಂಗನೀಸಿಗೆ, ‘ಸಿ’ ಕೋಬಾಲ್ಟಿಗೆ ಸಂಕೇತ. ಕೋಬಾಲ್ಟಿನ ಸೆಲ್ಲು ಶಾಖವನ್ನು ತಾಳುವುದರಲ್ಲಿ ದುರ್ಬಲವಾದುದರಿಂದ ಹೆಚ್ಚು ಪ್ರವಾಹವನ್ನು ಸೆಳೆಯುವ ಕೆಲಸಕ್ಕೆ ಅದು ತಕ್ಕುದಲ್ಲ. ಮೊದಲೆರಡು ಜಾತಿಗಳು ಅದಕ್ಕಿಂತ ಸಹನಶೀಲ. ಆದರೆ ಸಹನಶೀಲವೆಂದರೆ ಕೋಪವೇ ಬಾರದೆಂದಲ್ಲ.

ಕೋಪ ಬರುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಎಚ್ಚರಿಕೆಗಳಿಗೆಲ್ಲ ಕಾರಣ ತಾನಾಗಿಯೇ ಹೊಳೆಯುವುದು. ೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆಯವರು ಮೊದಲು ಪೇಟೆಗೆ ತಂದ ಈ ಬಗೆಯ ವಿದ್ಯುತ್ಕೋಶದ ಮೂಲಸಂಶೋಧನೆಗಾಗಿ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ಅದರ ಒಳಗೆ ಎರಡು ಉದ್ದನೆಯ ಲೋಹದ ಹಾಳೆಗಳು, ಒಂದಕ್ಕೆ ಧನಧ್ರುವದ ಲೇಪ, ಇನ್ನೊಂದಕ್ಕೆ ಋಣಧ್ರುವದ ಲೇಪ; ಅವೆರಡರ ನಡುವೆ ಕೂದಲಿಗಿಂತಲೂ ತೆಳುವಾದ ಪ್ಲಾಸ್ಟಿಕ್ಕಿನ ತೆರೆ. ಇವೆಲ್ಲವನ್ನೂ ಒಂದರ ಮೇಲೊಂದಿಟ್ಟು ಚಾಪೆ ಸುತ್ತಿದಂತೆ ಸುತ್ತಿ, ಬೇಗ ಹೊತ್ತಿಕೊಳ್ಳುವ ದ್ರವದಲ್ಲಿ ನೆನೆಯಿಸಿ, ಉಕ್ಕಿನ ಡಬ್ಬಿಯೊಳಗೆ ಇಟ್ಟಿದ್ದಾರೆ. ಹಿತವಾಗಿ ನಡೆಸಿಕೊಂಡಷ್ಟು ಕಾಲ ಅದು ಸಾಧುಪ್ರಾಣಿ. ಮಿತಿ ಮೀರಿ ಪ್ರವಾಹವನ್ನು ಸೆಳೆದರೆ ಒಳಗೆ ಶಾಖವೇರುತ್ತದೆ. ಸುಮಾರು ೧೩೦ ಡಿಗ್ರಿ ಸೆಲ್ಸಿಯಸ್ಸಿನ ಹೊತ್ತಿಗೆ ಆ ತೆಳುತೆರೆಯು ಕರಗತೊಡಗುತ್ತದೆ. ತೆರೆ ಹೋದರೆ ಧ್ರುವಗಳೆರಡೂ ಒಂದನ್ನೊಂದು ಮುಟ್ಟಿ ಶಾಖವು ಇನ್ನೂ ಏರುತ್ತದೆ. ಏರಿದ ಶಾಖದಲ್ಲಿ ಧನಧ್ರುವದ ಲೇಪವು ತನ್ನಲ್ಲಿದ್ದ ಆಮ್ಲಜನಕವನ್ನು ತಾನೇ ಹೊರಗೆ ಬಿಡುತ್ತದೆ. ಉರಿಯುವ ವಸ್ತು, ಶಾಖ, ಆಮ್ಲಜನಕ ಈ ಮೂರೂ ಒಂದೇ ಡಬ್ಬಿಯಲ್ಲಿ ಕೂಡಿದ ಮೇಲೆ ಹೊರಗಿನಿಂದ ಕಂಬಳಿ ಹೊದಿಸಿ ಅದನ್ನು ನಂದಿಸಲಾಗುವುದೆ? ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಟ್ಟಿದ್ದರೆ ಅದು ಬೆಂಕಿಯಲ್ಲ, ಸಿಡಿಗುಂಡೇ ಸರಿ. ಆದಕಾರಣವೇ ಸೆಲ್ಲನ್ನು ಹಾಕುವ ಯಂತ್ರದ ಒಡಲಿನಲ್ಲಿ ಅನಿಲವು ಹೊರಹೋಗಲು ರಂಧ್ರಗಳಿವೆಯೇ ಎಂಬುದನ್ನು ಮೊದಲು ನೋಡಬೇಕು. ರಂಧ್ರವಿಲ್ಲದ ಕೊಳವೆಯನ್ನು ಎಷ್ಟು ಅಂದವಾಗಿದ್ದರೂ ಕೊಳ್ಳತಕ್ಕದ್ದಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸೆಲ್ಲನ್ನು ಆರಿಸುವ ಮೊದಲು ಯಂತ್ರವು ಅದರಿಂದ ಎಷ್ಟು ಪ್ರವಾಹವನ್ನು ಬೇಡುತ್ತದೆ ಎಂಬುದನ್ನು ಲೆಕ್ಕಹಾಕಬೇಕು. ಇದಕ್ಕೆ ಬೇಕಾದ ಸೂತ್ರವನ್ನು ೧೮೨೭ರಲ್ಲಿ ಪ್ರಕಟಿಸಿದವನು ಜರ್ಮನಿಯ ಗೇಯಾರ್ಗ್ ಓಮ್. ಆತನು ಕೊಲೋನ್ ನಗರದಲ್ಲಿ ಪಾಠಶಾಲೆಯ ಉಪಾಧ್ಯಾಯನಾಗಿದ್ದನೆಂಬುದನ್ನು ನನ್ನಂಥವನು ಸ್ವಲ್ಪ ಅಭಿಮಾನದಿಂದ ನೆನೆದರೆ ವಾಚಕರು ಕ್ಷಮಿಸಬೇಕು. ಹೆಸರೂ ನಮ್ಮ ಕಿವಿಗೆ ಪ್ರಣವದಂತೆಯೇ ಕೇಳಿಸುವುದು. ಒತ್ತಡವನ್ನು ತಡೆಯಿಂದ ಭಾಗಿಸಿದರೆ ಪ್ರವಾಹ ಬರುತ್ತದೆ, ಸೂತ್ರವು ಇಷ್ಟೇ. ಪೂರ್ಣವಾಗಿ ತುಂಬಿದ ಸೆಲ್ಲಿನ ಒತ್ತಡ ೪.೨ ವೋಲ್ಟ್. ಆವಿಯೆಬ್ಬಿಸುವ ತಂತಿಸುರುಳಿಯ ತಡೆ ೦.೨ ಓಮ್ ಎಂದಿಟ್ಟುಕೊಳ್ಳಿ. ೪.೨ನ್ನು ೦.೨ರಿಂದ ಭಾಗಿಸಿದರೆ ೨೧ ಆಂಪಿಯರ್. ತಡೆಯನ್ನು ೦.೧೫ಕ್ಕೆ ಇಳಿಸಿದರೆ ೨೮ ಆಂಪಿಯರ್, ೦.೧ಕ್ಕೆ ಇಳಿಸಿದರೆ ೪೨. ಬರೆಯಲು ಅತ್ಯಲ್ಪವೆಂದು ತೋರುವ ದಶಮಾಂಶದ ವ್ಯತ್ಯಾಸವು ಪ್ರವಾಹವನ್ನು ಇಮ್ಮಡಿಸುತ್ತದೆ. ನಮ್ಮ ಮನೆಗಳಲ್ಲಿ ನೀರು ಕಾಯಿಸುವ ಗೀಸರಿನ ತಂತಿಯಲ್ಲಿ ಹತ್ತು ಆಂಪಿಯರಿನ ಆಸುಪಾಸು ಹರಿಯುವುದೆಂದು ನೆನೆದರೆ, ಹೆಬ್ಬೆರಳಿನಷ್ಟು ದಪ್ಪದ ಡಬ್ಬಿಯೊಂದರಿಂದ ಇಷ್ಟನ್ನು ಸೆಳೆಯುವ ಸಾಹಸ ಎಂಥದೆಂಬುದು ತಿಳಿಯುವುದು.

ಮೇಲಿನ ಲೆಕ್ಕವು ಒಳಗೆ ಯಾವ ಕಾವಲೂ ಇಲ್ಲದ ಯಂತ್ರಕ್ಕೆ ಸಂಬಂಧಿಸಿದ್ದು. ಒಂದು ಲೋಹದ ಕೊಳವೆ, ಒಂದು ಒತ್ತುಗುಂಡಿ, ಒಂದು ಸೆಲ್ಲು. ಒತ್ತಿದರೆ ಸೆಲ್ಲಿನ ಶಕ್ತಿಯೆಲ್ಲವೂ ನೇರವಾಗಿ ಸುರುಳಿಗೆ ಹೋಗುವುದು. ಎಲ್ಲಿಯಾದರೂ ತಂತಿ ತಪ್ಪಾಗಿ ತಗುಲಿದರೆ ತಡೆಯುವವರು ಯಾರೂ ಇಲ್ಲ. ಇಂಥದನ್ನು ಬಳಸಲೇಬಾರದೆಂಬುದು ನನ್ನ ಖಚಿತಾಭಿಪ್ರಾಯ. ಒಳಗೆ ನಿಯಂತ್ರಣದ ವಿದ್ಯುನ್ಮಂಡಲವಿರುವ ಯಂತ್ರವು ಇದಕ್ಕಿಂತ ಮೇಲು. ತಂತಿ ತಪ್ಪಿ ತಗುಲಿದರೂ, ಸೆಲ್ಲನ್ನು ತಲೆಕೆಳಗಾಗಿ ಹಾಕಿದರೂ ಅದು ಕೆಲಸ ಮಾಡಲು ಒಪ್ಪದು. ಅದರಲ್ಲಿ ಲೆಕ್ಕಹಾಕುವ ಕ್ರಮ ಬೇರೆ. ಅಲ್ಲಿ ನಾವು ನಿಗದಿ ಮಾಡುವುದು ವ್ಯಾಟುಗಳನ್ನು. ಸೆಲ್ಲು ಬರಿದಾಗುತ್ತ ಬಂದಂತೆ ಒತ್ತಡವು ಕುಗ್ಗುವುದರಿಂದ ಅಷ್ಟೇ ವ್ಯಾಟುಗಳಿಗಾಗಿ ಯಂತ್ರವು ಹೆಚ್ಚು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಆದುದರಿಂದ ತುಂಬಿದ ಸೆಲ್ಲಿನ ೪.೨ ವೋಲ್ಟನ್ನಲ್ಲ, ಬರಿದಾಗುವ ಹೊತ್ತಿನ ೩.೨ ವೋಲ್ಟನ್ನು ಹಿಡಿದು ಭಾಗಿಸಬೇಕು. ಮಂಡಲದಲ್ಲಿಯೇ ಹತ್ತರಲ್ಲೊಂದು ಪಾಲು ವ್ಯಯವಾಗುವುದೆಂದು ಅದನ್ನೂ ಕೂಡಿಸಬೇಕು. ಒಂದೇ ಸೆಲ್ಲಿನ ಯಂತ್ರವನ್ನು ೬೦ ವ್ಯಾಟಿಗೆ ಇಟ್ಟರೆ ಸುಮಾರು ೨೧ ಆಂಪಿಯರ್. ೮೦ ವ್ಯಾಟಿಗೆ ಇಟ್ಟರೆ ಸುಮಾರು ೨೮. ಎರಡು ಸೆಲ್ಲುಗಳ ಯಂತ್ರದಲ್ಲಿ ೧೦೦ ವ್ಯಾಟುಗಳು ಇಬ್ಬರ ಹೆಗಲಿಗೆ ಹಂಚಿಹೋಗುವುದರಿಂದ ಹದಿನೇಳೂವರೆಯ ಸುಮಾರು ಸಾಕು. ಇಷ್ಟು ತಿಳಿದವನಿಗೆ ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆ ಸಿದ್ಧವಾಯಿತು: “ಈ ಸೆಲ್ಲು ಎಡೆಬಿಡದೆ ಎಷ್ಟು ಆಂಪಿಯರುಗಳನ್ನು ಕೊಡಬಲ್ಲುದು?” ಉತ್ತರವು ತನ್ನ ಲೆಕ್ಕಕ್ಕಿಂತ ಮೇಲಿರಬೇಕು. ಸಮವಾಗಿದ್ದರೂ ಸಾಲದು.

ಸಾಮಾನ್ಯರು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಮಿಲಿಆಂಪಿಯರ್ ಗಂಟೆಗಳು ಎಷ್ಟು ಎಂದು ಮಾತ್ರ ವಿಚಾರಿಸಿ, ದೊಡ್ಡ ಸಂಖ್ಯೆಯುಳ್ಳದನ್ನು ಕೊಂಡು ಮನೆಗೆ ಬರುತ್ತಾರೆ. ಅದು ಧಾರಣಶಕ್ತಿ, ಎಂದರೆ ಪಾತ್ರೆಯ ಹೊಟ್ಟೆ. ನಮಗೆ ಇಲ್ಲಿ ಬೇಕಾದುದು ಪಾತ್ರೆಯ ಬಾಯಿ. ಗಿಂಡಿಯ ಹೊಟ್ಟೆ ಎಷ್ಟು ದೊಡ್ಡದಾದರೂ ನೀರು ಸಣ್ಣ ಮೂತಿಯಿಂದಲೇ ಬರಬೇಕು. ಕೊಳಗದ ಹೊಟ್ಟೆ ಸಣ್ಣದಾದರೂ ಒಮ್ಮೆಗೇ ಸುರಿಯಬಹುದು. ಗಿಂಡಿಯನ್ನು ಹಿಡಿದು ಕೊಳಗದಂತೆ ಸುರಿ ಎಂದು ಬಲಾತ್ಕರಿಸಿದರೆ ಗಿಂಡಿ ಒಡೆಯುವುದು. ಒಂದೇ ಅಳತೆಯ ಡಬ್ಬಿಯಲ್ಲಿ ಹೊಟ್ಟೆಯನ್ನು ಹಿಗ್ಗಿಸಿದರೆ ಬಾಯಿ ಕುಗ್ಗಿಸಬೇಕಾಗುತ್ತದೆಂಬುದು ಇಲ್ಲಿನ ನಿಯಮ. ಉದಾಹರಣೆಗೆ, ಸ್ಯಾಮ್‌ಸಂಗಿನ ೨೫ಆರ್ ಎಂಬ ಸೆಲ್ಲಿನ ಧಾರಣ ೨,೫೦೦, ಎಡೆಬಿಡದ ಪ್ರವಾಹ ೨೦ ಆಂಪಿಯರ್. ಅದೇ ಸಂಸ್ಥೆಯ ೩೦ಕ್ಯೂ ಎಂಬುದರ ಧಾರಣ ೩,೦೦೦, ಪ್ರವಾಹ ೧೫. ಸೋನಿಯವರಿಂದ ಮುರಾಟ ಸಂಸ್ಥೆಗೆ ಹೋದ ವಿ.ಟಿ.ಸಿ. ೫ಎ ಎಂಬುದು ೨,೬೦೦ರ ಧಾರಣಕ್ಕೆ ೨೫ ಆಂಪಿಯರ್ ಕೊಡತಕ್ಕದ್ದು. ಪ್ಯಾನಾಸೋನಿಕ್ಕಿನವರ ಎನ್.ಸಿ.ಆರ್. ೧೮೬೫೦ಬಿ ಎಂಬುದರ ಹೊಟ್ಟೆ ೩,೪೦೦ರ ಸಮೀಪ; ಅದರ ಬಾಯಿಯಾದರೋ ಏಳು ಆಂಪಿಯರನ್ನೂ ಮುಟ್ಟದು. ಟಾರ್ಚಿಗೂ ಪವರ್ ಬ್ಯಾಂಕಿಗೂ ಉತ್ತಮೋತ್ತಮವಾದ ಈ ಸೆಲ್ಲನ್ನೇ ೬೦ ವ್ಯಾಟಿನ ವೇಪ್ ಯಂತ್ರಕ್ಕೆ ಹಾಕಿದರೆ ತಾಳುವ ಶಕ್ತಿಯ ಮೂರರಷ್ಟನ್ನು ಅದರಿಂದ ಬೇಡಿದಂತಾಯಿತು. ದೋಷವು ಸೆಲ್ಲಿನದಲ್ಲ, ಆರಿಸಿದವನದು.

ಇನ್ನು ಹೊದಿಕೆಯ ಮೇಲೆ ಅಚ್ಚುಹಾಕುವ ಸುಳ್ಳುಗಳ ವಿಷಯ. ೧೮೬೫೦ರ ಅಳತೆಯ ಸೆಲ್ಲಿನ ಧಾರಣಶಕ್ತಿಯು ಉತ್ತಮ ಕಾರ್ಖಾನೆಗಳಲ್ಲಿಯೂ ಸಾಮಾನ್ಯವಾಗಿ ೩,೫೦೦ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಹೀಗಿರುವಾಗ ೬,೮೦೦, ೯,೯೦೦ ಎಂದು ಕೆಂಪು ಹಳದಿ ಅಕ್ಷರಗಳಲ್ಲಿ ಮುದ್ರಿಸಿದ ಸೆಲ್ಲುಗಳು ಪೇಟೆಯಲ್ಲಿ ನಗುನಗುತ್ತ ಕುಳಿತಿರುವುವು! ಆ ಸಂಖ್ಯೆಯನ್ನು ಕಂಡೊಡನೆ ಅದನ್ನು ಕೆಳಗಿಟ್ಟು ಹೊರಟುಬರತಕ್ಕದ್ದು. ಬೇರೆ ಪರೀಕ್ಷೆ ಬೇಡ. ಎರಡನೆಯ ಮೋಸವು ಇದಕ್ಕಿಂತ ಸೂಕ್ಷ್ಮವಾದುದು. ಕ್ಷಣಮಾತ್ರ ಕೊಡಬಲ್ಲ ಪ್ರವಾಹವನ್ನು ದಪ್ಪಕ್ಷರದಲ್ಲಿ ಬರೆದು, ಎಡೆಬಿಡದೆ ಕೊಡಬಲ್ಲುದನ್ನು ಬರೆಯದೆಯೇ ಬಿಡುತ್ತಾರೆ. ಒಮ್ಮೆ ಗಾಡಿಯನ್ನು ಕೆಸರಿನಿಂದೆತ್ತಿದ ಎತ್ತು ಊರಿನವರೆಗೂ ಅದೇ ವೇಗದಲ್ಲಿ ಎಳೆದೀತೆ? ಮೂರನೆಯದು, ಹಳೆಯ ಲ್ಯಾಪ್‌ಟಾಪುಗಳ ಬ್ಯಾಟರಿಯನ್ನೊಡೆದು ತೆಗೆದ ಸವೆದ ಸೆಲ್ಲುಗಳಿಗೋ, ಕಾರ್ಖಾನೆಯವರು ಕೀಳೆಂದು ಬೇರ್ಪಡಿಸಿದ ಸೆಲ್ಲುಗಳಿಗೋ ಹೊಸ ಹೊದಿಕೆ ತೊಡಿಸಿ ಹೊಸ ಹೆಸರಿನಿಂದ ಮಾರುವುದು. ಹೊದಿಕೆ ಬದಲಿಸಿ ಮಾರುವವರೆಲ್ಲರೂ ವಂಚಕರೆಂದು ನಾನು ಹೇಳೆನು. ಆದರೆ ಒಳಗಿರುವುದು ಯಾರ ಸೆಲ್ಲೆಂಬುದನ್ನು ಕೊಳ್ಳುವವನು ಕಾಣಲಾರನಷ್ಟೆ.

ಮಡಕೆಯನ್ನು ಬೆರಳಿನಿಂದ ಬಡಿದು ನಾದವನ್ನು ಕೇಳಿ ಕೊಳ್ಳುವ ಜನ ನಾವು. ಸೆಲ್ಲನ್ನು ಬಡಿದು ನೋಡುವಂತಿಲ್ಲ. ಆದರೆ ತೂಗಿ ನೋಡಬಹುದು. ನಿಜವಾದ ೧೮೬೫೦ ಸೆಲ್ಲು ಸುಮಾರು ೪೫ ಗ್ರಾಮು, ಎರಡು ಮೂರು ಗ್ರಾಮು ಹೆಚ್ಚು ಕಡಮೆಯಾಗಿ ತೂಗುವುದು. ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿಟ್ಟಾಗ ಮೂವತ್ತೇ ಗ್ರಾಮು ತೋರಿಸಿದರೆ ಒಳಗೆ ತಿರುಳು ಪೂರ್ತಿಯಾಗಿಲ್ಲವೆಂದು ತಿಳಿಯಬೇಕು. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವ ಸ್ಥಾಲೀಪುಲಾಕನ್ಯಾಯವನ್ನು ಮಾತ್ರ ಇಲ್ಲಿಗೆ ತರಬಾರದು. ಅಗುಳುಗಳೆಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದಿರುತ್ತವೆ. ಕಳ್ಳಪೇಟೆಯ ಸೆಲ್ಲುಗಳಾದರೋ ಹತ್ತು ಮನೆಯಿಂದ ಬಂದಿರುತ್ತವೆ. ಒಂದೊಂದನ್ನೂ ಪ್ರತ್ಯೇಕವಾಗಿ ತೂಗಿ, ಹೊದಿಕೆಯ ಮುದ್ರಣವನ್ನು ಒಂದರೊಡನೊಂದು ಹೋಲಿಸಿ ನೋಡತಕ್ಕದ್ದು. ಸೆಲ್ಲಿಗಾಗಿಯೇ ಹೆಸರಾದ ಅಂಗಡಿಯಲ್ಲಿ ನಾಲ್ಕು ಕಾಸು ಹೆಚ್ಚು ಕೊಟ್ಟು ಕೊಳ್ಳುವುದು, ಸಂತೆಯಂಥ ಆನ್‌ಲೈನ್ ಪೇಟೆಯಲ್ಲಿ ಅಪರಿಚಿತನಿಂದ ಅರ್ಧ ಬೆಲೆಗೆ ಕೊಳ್ಳುವುದಕ್ಕಿಂತ ಎಲ್ಲ ವಿಧದಲ್ಲಿಯೂ ಲೇಸು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಚದೆ ಹೇಳಬೇಕಾಗಿದೆ. ಈ ಸೆಲ್ಲುಗಳನ್ನು ತಯಾರಿಸುವ ದೊಡ್ಡ ಸಂಸ್ಥೆಗಳೇ ಇವನ್ನು ಬಿಡಿಬಿಡಿಯಾಗಿ ಜನರ ಕೈಗೆ ಮಾರಲು ಇಷ್ಟಪಡುವುದಿಲ್ಲ. ಯಂತ್ರಗಳ ಒಳಗೆ, ಕಾವಲಿನ ಮಂಡಲದೊಡನೆ, ಕಟ್ಟಾಗಿ ಕೂಡಿಸುವುದಕ್ಕೆಂದೇ ಅವನ್ನು ಮಾಡಿದ್ದು ಎಂದು ಅವರು ಹೇಳುತ್ತಾರೆ. ಅಮೆರಿಕದ ಗ್ರಾಹಕವಸ್ತು ಸುರಕ್ಷತಾ ಆಯೋಗವು ೨೦೨೧ರ ಜನವರಿಯಲ್ಲಿ, ಬಿಡಿ ೧೮೬೫೦ ಸೆಲ್ಲುಗಳನ್ನು ಸಾಮಾನ್ಯ ಜನರು ಕೊಳ್ಳಲೂ ಬಳಸಲೂ ಬಾರದೆಂದು ಸ್ಪಷ್ಟವಾಗಿ ಎಚ್ಚರಿಸಿತು. ಆದುದರಿಂದ ಪತ್ರ ಬರೆದ ತಾಯಿಯವರಿಗೆ ನನ್ನ ಮೊದಲನೆಯ ಸಲಹೆಯೇನೆಂದರೆ: ಸೆಲ್ಲನ್ನು ಒಳಗೇ ಭದ್ರವಾಗಿ ಕೂಡಿಸಿರುವ, ಕಡಮೆ ಶಕ್ತಿಯ ಯಂತ್ರಕ್ಕೆ ಇಳಿಯುವಂತೆ ಮಗನಿಗೆ ಹೇಳಿರಿ. ವ್ಯಸನವನ್ನು ಒಮ್ಮೆಗೇ ಬಿಡಲಾರದವನು ವ್ಯಾಟುಗಳನ್ನಾದರೂ ಬಿಡಬಹುದು. ಅದಕ್ಕೂ ಒಪ್ಪದಿದ್ದಲ್ಲಿ ಮಾತ್ರ ಮೇಲೆ ಹೇಳಿದ ಲೆಕ್ಕಾಚಾರವೂ, ಮುಂದೆ ಹೇಳುವ ಎಚ್ಚರಿಕೆಗಳೂ ಬೇಕಾಗುವುವು.

ಕಿಸೆಯ ವಿಚಾರವೇ ಇವುಗಳಲ್ಲಿ ಮುಖ್ಯವಾದುದು. ಅಮೆರಿಕದ ಅಗ್ನಿಶಾಮಕ ಆಡಳಿತದವರು ೨೦೦೯ರಿಂದ ೨೦೧೬ರ ಕೊನೆಯವರೆಗೆ ವೃತ್ತಪತ್ರಿಕೆ ಮೊದಲಾದವುಗಳಲ್ಲಿ ವರದಿಯಾದ ಇಂಥ ಅಪಘಾತಗಳನ್ನು ಕಲೆಹಾಕಿ ೨೦೧೭ರಲ್ಲಿ ಪ್ರಕಟಿಸಿದರು. ಒಟ್ಟು ೧೯೫ ಅಪಘಾತಗಳು. ೧೩೩ ಮಂದಿಗೆ ಗಾಯ. ಅವರಲ್ಲಿ ೩೮ ಮಂದಿಯ ಗಾಯ ತೀವ್ರವಾದುದು. ಸೇದುತ್ತಿರುವಾಗ ನಡೆದುವು ಸುಮಾರು ಅರುವತ್ತು. ಯಂತ್ರವೋ ಬಿಡಿ ಸೆಲ್ಲೋ ಕಿಸೆಯಲ್ಲಿ ಸುಮ್ಮನಿರುವಾಗಲೇ ನಡೆದುವೂ ಸುಮಾರು ಅಷ್ಟೇ! ಕಾರಣವು ಸೆಲ್ಲಿನ ಕಟ್ಟಡದಲ್ಲಿಯೇ ಇದೆ. ಮೇಲ್ಗಡೆಯ ಗುಬುಟು ಮಾತ್ರ ಧನಧ್ರುವ; ಉಳಿದ ಡಬ್ಬಿಯೆಲ್ಲವೂ, ತಳದಿಂದ ಹಿಡಿದು ಮೇಲಿನ ಅಂಚಿನವರೆಗೂ ಋಣಧ್ರುವ. ಗುಬುಟಿಗೂ ಅಂಚಿಗೂ ನಡುವೆ ಇರುವುದು ಒಂದು ಸಣ್ಣ ಬಳೆಯಂಥ ನಿರೋಧಕ ಮತ್ತು ಕಾಗದದಷ್ಟು ತೆಳುವಾದ ಹೊದಿಕೆ. ಹೊದಿಕೆಯು ಅಲ್ಲಿ ಉಗುರಿನಷ್ಟು ಹರಿದಿದ್ದು, ಒಂದು ನಾಣ್ಯವೋ ಬೀಗದ ಕೈಯೋ ಎರಡನ್ನೂ ಒಮ್ಮೆಗೇ ಮುಟ್ಟಿದರೆ ಸಾಕು. ಯಾವ ಗುಂಡಿಯನ್ನೂ ಒತ್ತದೆ ನೂರಾರು ಆಂಪಿಯರುಗಳಿಗೆ ದಾರಿ ತೆರೆಯುವುದು. ತೊಡೆಯ ಪಕ್ಕದಲ್ಲಿ ಹೊತ್ತಿಕೊಂಡ ಈ ಉರಿಯನ್ನು ಕೈಯಿಂದ ತೆಗೆದು ಎಸೆಯಲೂ ಆಗದು. ಇದಕ್ಕೆ ಪರಿಹಾರವು ಅತಿ ಅಗ್ಗವಾದುದು: ಸೆಲ್ಲಿನ ಅಳತೆಗೆಂದೇ ಮಾಡಿದ ಪ್ಲಾಸ್ಟಿಕ್ಕಿನ ಡಬ್ಬಿ. ಹೆಂಗಸರು ಸೂಜಿಯನ್ನು ಡಬ್ಬಿಯಿಲ್ಲದೆ ಸೆರಗಿನಲ್ಲಿ ಕಟ್ಟಿಕೊಳ್ಳುವುದುಂಟೆ? ಯಂತ್ರದೊಳಗಿಲ್ಲದ ಸೆಲ್ಲು ಡಬ್ಬಿಯೊಳಗಿರಬೇಕು. ಮೂರನೆಯ ಸ್ಥಾನವೆಂಬುದು ಅದಕ್ಕೆ ಇಲ್ಲ. ಹೊದಿಕೆ ಎಲ್ಲಿಯೇ ಹರಿದಿರಲಿ, ಹೊಸ ಹೊದಿಕೆ ಹಾಕಿಸುವವರೆಗೆ ಅದನ್ನು ಬಳಸಕೂಡದು. ತಗ್ಗು ಬಿದ್ದ, ನೀರಿನಲ್ಲಿ ಮುಳುಗಿದ, ಊದಿಕೊಂಡ ಅಥವಾ ಎತ್ತರದಿಂದ ಬಿದ್ದು ಪೆಟ್ಟಾದ ಸೆಲ್ಲಿಗೆ ರಿಪೇರಿಯೆಂಬುದೇ ಇಲ್ಲ.

ಎರಡು ಸೆಲ್ಲುಗಳ ಯಂತ್ರವಾದರೆ ಎರಡನ್ನೂ ಒಂದೇ ದಿನ, ಒಂದೇ ಸಂಸ್ಥೆಯದನ್ನು, ಒಂದೇ ಮಾದರಿಯದನ್ನು ಕೊಂಡು, ಹೊದಿಕೆಯ ಮೇಲೆ ಗುರುತು ಬರೆದು, ಆಮೇಲೆ ಅವನ್ನು ಅಗಲಿಸಬಾರದು. ಜೊತೆಯಾಗಿಯೇ ತುಂಬಬೇಕು, ಜೊತೆಯಾಗಿಯೇ ಬರಿದಾಗಬೇಕು. ಹೊಸದನ್ನೂ ಹಳೆಯದನ್ನೂ ಕೂಡಿಸುವುದೆಂದರೆ ಬಲಿತ ಎತ್ತನ್ನೂ ಎಳಗರುವನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ. ಬಲವುಳ್ಳದು ಎಳೆಯುತ್ತಿರುವಾಗ ಬಲಹೀನವಾದುದು ಮಿತಿಮೀರಿ ಬರಿದಾಗಿ ಕೆಡುವುದು.

ತುಂಬುವಾಗಲೂ ಎಚ್ಚರ ಬೇಕು. ಸೆಲ್ಲನ್ನು ತೆಗೆದು ಒಳ್ಳೆಯ ಪ್ರತ್ಯೇಕ ಚಾರ್ಜರಿನಲ್ಲಿ ತುಂಬುವುದು ಲೇಸು, ೪.೨ ವೋಲ್ಟಿಗೆ ಅದು ತಾನಾಗಿ ನಿಲ್ಲತಕ್ಕದ್ದು. ಮನೆಯವರೆಲ್ಲರೂ ನಿದ್ರಿಸುತ್ತಿರುವಾಗ, ಹಾಸಿಗೆಯ ಮೇಲೆ, ಕಾಗದಗಳ ನಡುವೆ ತುಂಬಲು ಇಡಬಾರದು. ಶೂನ್ಯ ಡಿಗ್ರಿಗಿಂತ ಕೆಳಗಣ ಚಳಿಯಲ್ಲಿ ತುಂಬಿದರೆ ಒಳಗೆ ಲಿಥಿಯಂ ಲೋಹವು ಋಣಧ್ರುವದ ಮೇಲೆ ಹೆಪ್ಪುಗಟ್ಟಿ ಮುಂದೆ ಅನರ್ಥಕ್ಕೆ ಕಾರಣವಾಗುವುದು. ಚಳಿಗಾಲದಲ್ಲಿ ರಾತ್ರಿಯೆಲ್ಲ ಕಾರಿನಲ್ಲಿ ಬಿಟ್ಟ ಸೆಲ್ಲನ್ನು ಮನೆಯೊಳಗೆ ತಂದು, ಮೈ ಬೆಚ್ಚಗಾದ ಮೇಲೆಯೇ ತುಂಬಬೇಕು. ಬಳಸುವಾಗ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ತನ್ನ ಲೆಕ್ಕ ಎಲ್ಲಿಯೋ ತಪ್ಪಿದೆಯೆಂದು ತಿಳಿದು ಕೂಡಲೆ ನಿಲ್ಲಿಸಬೇಕು. ಬುಸುಗುಡುವ ಶಬ್ದವೋ, ಕಟುವಾದ ವಾಸನೆಯೋ ಬಂದರೆ ಹತ್ತಿರ ನಿಲ್ಲದೆ ದೂರ ಸರಿಯತಕ್ಕದ್ದು. ಆ ಹೊಗೆ ವಿಷ. ಮೈಮೇಲಿನ ಬಟ್ಟೆಯಲ್ಲಾದರೆ ಬಟ್ಟೆಯನ್ನೇ ಕಳಚಿ ಎಸೆಯಬೇಕು. ಇಷ್ಟು ಸಣ್ಣ ಸೆಲ್ಲಿನ ಉರಿಗೆ ದೂರದಿಂದ ಧಾರಾಳವಾಗಿ ನೀರು ಸುರಿಯುವುದೇ ಸರಿ. ಲಿಥಿಯಂ ಎಂಬ ಹೆಸರನ್ನು ಕೇಳಿ ನೀರು ಕೂಡದೆಂದು ಕೆಲವರು ಹೇಳುವುದುಂಟು. ಇಲ್ಲಿ ಶಾಖವನ್ನು ಇಳಿಸುವುದೇ ಮುಖ್ಯ, ಅದಕ್ಕೆ ನೀರಿಗಿಂತ ಮಿಗಿಲಾದುದು ಮನೆಯಲ್ಲಿ ಬೇರೊಂದಿಲ್ಲ.

ನಮ್ಮ ನಾಡಿನ ವಾಚಕರು ಟಾರ್ಚಿಗೆಂದು ಇದೇ ಸೆಲ್ಲನ್ನು ಕೊಳ್ಳುವಾಗ ಒಂದು ಅನುಕೂಲವುಂಟು. ಟಾರ್ಚು ಅಷ್ಟು ಪ್ರವಾಹವನ್ನು ಬೇಡುವುದಿಲ್ಲವಾದುದರಿಂದ, ತಳದಲ್ಲಿ ಪುಟ್ಟ ಕಾವಲಿನ ಮಂಡಲವನ್ನು ಕೂಡಿಸಿರುವ ಸೆಲ್ಲನ್ನು ಹಾಕಬಹುದು. ಅದು ಎರಡು ಮೂರು ಮಿಲಿಮೀಟರ್ ಉದ್ದವಾಗಿರುವುದರಿಂದ ಟಾರ್ಚಿನಲ್ಲಿ ಹಿಡಿಸುವುದೇ ಎಂದು ಮೊದಲು ನೋಡಿಕೊಳ್ಳಬೇಕು. ಪವರ್ ಬ್ಯಾಂಕು ಮೊದಲಾದವುಗಳ ಮೇಲೆ ಭಾರತೀಯ ಮಾನಕ ಬ್ಯೂರೋವಿನ ಗುರುತೂ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿಯ ಸಂಖ್ಯೆಯೂ ಇರಬೇಕು. ಲಿಥಿಯಂ ಸೆಲ್ಲುಗಳಿಗೆ ಸಂಬಂಧಿಸಿದ ಮಾನಕದ ಸಂಖ್ಯೆ ಐ.ಎಸ್. ೧೬೦೪೬.

ಪರದೇಶದಲ್ಲಿರುವ ಮಕ್ಕಳು ರಜೆಗೆಂದು ಊರಿಗೆ ಬರುವಾಗ ವಿಮಾನದಲ್ಲಿ ಬಿಡಿ ಸೆಲ್ಲುಗಳನ್ನೂ ಪವರ್ ಬ್ಯಾಂಕನ್ನೂ ಕೆಳಗಣ ಸಾಮಾನಿನ ಕೋಣೆಗೆ ಹಾಕುವಂತಿಲ್ಲ. ತುದಿಗಳು ಮುಚ್ಚಿರುವಂತೆ ಡಬ್ಬಿಯಲ್ಲಿಟ್ಟು ತಮ್ಮ ಕೈಚೀಲದಲ್ಲಿಯೇ ತರಬೇಕು. ವೇಪ್ ಯಂತ್ರವನ್ನಾದರೋ ತರಲೇಬಾರದು. ಮೇಲೆ ಹೇಳಿದ ೨೦೧೯ರ ಅಧಿನಿಯಮದ ಪ್ರಕಾರ ಆಮದು ಮಾಡಿದುದಕ್ಕೆ ಮೊದಲ ಸಲವೇ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ತಿಳಿಯದೆ ತಂದೆನೆಂಬ ಮಾತು ಸುಂಕದ ಕಟ್ಟೆಯಲ್ಲಿ ನಡೆಯುವುದು ಕಷ್ಟ.

ಸವೆದ ಸೆಲ್ಲುಗಳನ್ನು ಕಸದ ಬುಟ್ಟಿಗೆ ಹಾಕಿದರೆ ಕಸದ ಗಾಡಿಯಲ್ಲಿ ಅವು ನಜ್ಜುಗುಜ್ಜಾಗಿ ಹೊತ್ತಿಕೊಳ್ಳುವುವು. ಬ್ರಿಟನ್ನಿನಲ್ಲಿ ವರ್ಷಕ್ಕೆ ೩೨ ಕಿಲೋಗ್ರಾಮಿಗಿಂತ ಹೆಚ್ಚು ಸಣ್ಣ ಬ್ಯಾಟರಿಗಳನ್ನು ಮಾರುವ ಅಂಗಡಿಯವರು ಹಳೆಯವನ್ನು ಹಿಂದಕ್ಕೆ ತೆಗೆದುಕೊಳ್ಳಲೇಬೇಕೆಂದು ಕಾನೂನು ಇದೆ. ನಮ್ಮಲ್ಲಿಯೂ ೨೦೨೨ರ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಹಳೆಯ ಸೆಲ್ಲುಗಳನ್ನು ಮೊಳೆ, ತಿರುಪುಗಳೊಡನೆ ಕೂಡಿಹಾಕಿರುವವರು ಈ ಭಾನುವಾರವೇ ಅವನ್ನು ಇಳಿಸಿ, ಒಂದೊಂದರ ಎರಡು ತುದಿಗಳಿಗೂ ಅಂಟುಪಟ್ಟಿಯನ್ನು ಹಚ್ಚಿ ಬೇರೆಯಾಗಿಟ್ಟು, ವಿದ್ಯುನ್ಮಾನ ತ್ಯಾಜ್ಯವನ್ನು ತೆಗೆದುಕೊಳ್ಳುವವರ ಕೈಗೆ ಒಪ್ಪಿಸುವುದು.